ಪಂದ್ಯದ ಪಾರಿವಾಳವನ್ನು ಪಳಗಿಸಿದ ಬಗೆ



ಸಂತೆಯಲ್ಲಿ ಪಾರಿವಾಳ ಕೊಂಡವರ ಪಾಡು ನಿಮಗೆ ಗೊತ್ತೇ ಇದೆ. ಜೋಡಿಗೆ ಇಷ್ಟು ಅಂತ ದುಡ್ಡು ಎಣಿಸಿ ಕೊಟ್ಟು, ಕುಕ್ಕೆಯಲ್ಲಿ ಮುಚ್ಚಿಕೊಂಡು ಮನೆಗೆ ತಂದು, ಮೂರು ದಿನ ಕಾಳು ಹಾಕಿ, ನಾಲ್ಕನೆಯ ದಿನ ಬಾಗಿಲು ತೆಗೆದರೆ ಆಯಿತು, ಹಕ್ಕಿ ಆಕಾಶದಲ್ಲಿ ಎರಡು ಸುತ್ತು ಹೊಡೆದು ನೆಟ್ಟಗೆ ಹಳೆಯ ಯಜಮಾನನ ಮಾಡಿನ ಮೇಲೆ ಹೋಗಿ ಕೂರುತ್ತದೆ. ‘ದುಡ್ಡೂ ಹೋಯ್ತು, ಹಕ್ಕೀನೂ ಹೋಯ್ತು’ ಅಂತ ಕೊಂಡವನು ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಮಾರಿದವನು ಮೀಸೆಯಲ್ಲೇ ನಗುತ್ತಾನೆ.

ಹಕ್ಕಿಯ ಈ ಒಂದು ಹಟವನ್ನೇ ಬಂಡವಾಳ ಮಾಡಿಕೊಂಡು, ನೂರಾರು ಮೈಲಿ ದೂರದಿಂದ ಮನೆಗೆ ಹಾರಿ ಬರುವ ಪಂದ್ಯದ ಪಾರಿವಾಳವನ್ನು ಮನುಷ್ಯನು ತಯಾರು ಮಾಡಿದ್ದು ಸುಮಾರು ಇನ್ನೂರು ವರ್ಷಗಳ ಚರಿತ್ರೆ. ಅದನ್ನು ಮಾಡಿದವರು ರಾಜರಲ್ಲ, ಪಂಡಿತರೂ ಅಲ್ಲ. ಹೆಚ್ಚಿನವರು ಮಗ್ಗದಲ್ಲಿ, ಕಲ್ಲಿದ್ದಲ ಗಣಿಯಲ್ಲಿ ಕೂಲಿ ಮಾಡುತ್ತಿದ್ದ ಬಡವರು. ಪಂದ್ಯದ ಕಾಲದಲ್ಲಿ ಅವರು ಹಕ್ಕಿಗೆ ಹಾಕಿಕೊಟ್ಟ ದಿನಚರಿ ಎಂಥದು, ಅದು ಹೇಗೆ ಬೆಳೆದು ಬಂತು, ಅದರಲ್ಲಿ ಎಡವಿದಾಗ ಏನಾಯಿತು ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಪಾರಿವಾಳ ಸಾಕುವ ಹುಡುಗರು ಊರಿಗೆ ನಾಲ್ವರಾದರೂ ಇದ್ದೇ ಇರುತ್ತಾರೆ. ಅವರನ್ನೂ ಹತ್ತಿರ ಕರೆದು ಕೂರಿಸಿಕೊಳ್ಳಿ.

ಪಾರಿವಾಳದ ಆಟ ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಗ್ರಂಥದಲ್ಲಿ ಅರಸರ ವಿನೋದಗಳನ್ನು ಎಣಿಸುವಾಗ ಪಾರಾವತ ವಿನೋದವೂ ಒಂದಾಗಿ ಬರುತ್ತದೆ. ಪಾರಾವತ ಎಂದರೆ ಪಾರಿವಾಳವೇ. ಮುಂದೆ ಅಕ್ಬರ್ ಬಾದಶಹನ ಆಸ್ಥಾನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾರಿವಾಳಗಳಿದ್ದವು, ಅವುಗಳಲ್ಲಿ ೫೦೦ ಆಯ್ದ ಹಕ್ಕಿಗಳು ಎಂದು ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿಟ್ಟಿದ್ದಾನೆ. ಆದರೆ ಆ ಆಟದ ಸೊಗಸು ಹಕ್ಕಿ ಮನೆಯ ಮೇಲೆಯೇ ಹಾರುವುದರಲ್ಲಿತ್ತು, ಲಾಗ ಹಾಕುವುದರಲ್ಲಿತ್ತು. ದೂರದಲ್ಲಿ ಬಿಟ್ಟು, ಯಾರ ಹಕ್ಕಿ ಮೊದಲು ಮನೆಗೆ ಬಂತು ಎಂದು ಗಡಿಯಾರ ಹಿಡಿದು ನೋಡುವ ಪಂದ್ಯ ಬೇರೆಯೇ. ಅದರ ತವರು ಬೆಲ್ಜಿಯಂ.

ಬೆಲ್ಜಿಯಂ ಯೂರೋಪಿನಲ್ಲಿ ಫ್ರಾನ್ಸಿನ ಮಗ್ಗುಲಿಗೆ ಇರುವ ಸಣ್ಣ ದೇಶ. ನಮ್ಮ ಕರ್ನಾಟಕವನ್ನು ಆರು ಪಾಲು ಮಾಡಿದರೆ ಒಂದು ಪಾಲಿನಷ್ಟು ವಿಸ್ತಾರ, ಅಷ್ಟೇ. ೧೮೧೮ರಲ್ಲಿ ಅಲ್ಲಿ ಸುಮಾರು ೧೬೦ ಕಿಲೋಮೀಟರಿನ ಪಂದ್ಯ ನಡೆಯಿತು. ಆಗಿನ್ನೂ ಅದು ಸ್ವತಂತ್ರ ದೇಶವೇ ಆಗಿರಲಿಲ್ಲ, ಆದದ್ದು ೧೮೩೦ರಲ್ಲಿ. ೧೮೨೦ರಲ್ಲಿ ಪ್ಯಾರಿಸ್ಸಿನಿಂದ ಲಿಯೇಜ್ ಪಟ್ಟಣಕ್ಕೆ ಹಕ್ಕಿ ಬಿಟ್ಟರು. ೧೮೨೩ರಲ್ಲಿ ಲಂಡನ್ನಿನಿಂದ ಆಂಟ್ವರ್ಪಿಗೆ, ಅಂದರೆ ನಡುವೆ ಸಮುದ್ರ ದಾಟಿ ಬರಬೇಕಾದ ಪಂದ್ಯ. ಆಗ ರೈಲು ಇಲ್ಲ, ಮೋಟಾರು ಇಲ್ಲ. ಹೊರೆಯಾಳುಗಳು ಹಕ್ಕಿಯ ಬುಟ್ಟಿಗಳನ್ನು ಬೆನ್ನಿಗೆ ಹೊತ್ತು, ದಾರಿಯುದ್ದಕ್ಕೂ ಕಾಳು ನೀರು ಕೊಡುತ್ತಾ, ದಿನಗಟ್ಟಲೆ ನಡೆದು ಹೋಗಿ ಬಿಟ್ಟು ಬರುತ್ತಿದ್ದರು. ಹೋಗುವಾಗ ಮನುಷ್ಯನ ಕಾಲಿಗೆ ವಾರ ಹಿಡಿದ ದಾರಿಯನ್ನು ಹಕ್ಕಿ ಬರುವಾಗ ಒಂದು ಹೊತ್ತಿನಲ್ಲಿ ಮುಗಿಸುತ್ತಿತ್ತು.

ಆ ಕಾಲದಲ್ಲಿ ಪಾರಿವಾಳಕ್ಕೆ ಆಟದ ಬೆಲೆಗಿಂತ ಸುದ್ದಿಯ ಬೆಲೆ ಹೆಚ್ಚು. ೧೮೫೦ರಲ್ಲಿ ಜರ್ಮನಿಯ ಕಡೆಯಿಂದ ತಂತಿ ಆಕೆನ್ ಪಟ್ಟಣದವರೆಗೆ ಬಂದಿತ್ತು. ಪ್ಯಾರಿಸ್ ಕಡೆಯಿಂದ ಬ್ರಸೆಲ್ಸ್ ವರೆಗೆ ತಂತಿ ಇತ್ತು. ನಡುವೆ ಸುಮಾರು ೧೨೦ ಕಿಲೋಮೀಟರು ಬರಿದು. ಪೌಲ್ ಜೂಲಿಯಸ್ ರಾಯಿಟರ್ ಎಂಬಾತನು ಆ ನಡುವಿನ ಜಾಗಕ್ಕೆ ಪಾರಿವಾಳಗಳನ್ನು ಹಾಕಿದನು. ರೈಲಿಗೆ ಆರು ಗಂಟೆ ಹಿಡಿಯುತ್ತಿದ್ದ ದಾರಿಯನ್ನು ಹಕ್ಕಿಗಳು ಎರಡು ಗಂಟೆಯಲ್ಲಿ ಮುಗಿಸಿ, ಪೇಟೆಯ ಧಾರಣೆಯ ಸುದ್ದಿಯನ್ನು ತಲುಪಿಸುತ್ತಿದ್ದವು. ಮುಂದೆ ದೊಡ್ಡ ಸುದ್ದಿ ಸಂಸ್ಥೆಯಾಗಿ ಬೆಳೆದ ರಾಯಿಟರ್ಸಿಗೆ ಹಾಕಿದ ಅಡಿಪಾಯದಲ್ಲಿ ಈ ಹಕ್ಕಿಗಳ ರೆಕ್ಕೆಯ ದುಡಿಮೆಯೂ ಸೇರಿದೆ. ಆದರೆ ಸ್ವಲ್ಪ ಕಾಲದಲ್ಲೇ ತಂತಿಯ ತುದಿ ತುದಿ ಕೂಡಿತು. ಸುದ್ದಿಯ ಕೆಲಸ ತಂತಿಗೆ ಹೋಯಿತು, ಪಾರಿವಾಳ ಪಂದ್ಯಕ್ಕೆ ಉಳಿಯಿತು. ರೈಲು ಬಂದದ್ದು ಈ ಪಂದ್ಯಕ್ಕೆ ಅನುಕೂಲವೇ ಆಯಿತು. ಬುಟ್ಟಿಗಳನ್ನು ರೈಲಿಗೆ ಹಾಕಿದರೆ ದೂರದ ಸ್ಟೇಷನ್ನಿನಲ್ಲಿ ಅಲ್ಲಿನ ಆಳೇ ಹಕ್ಕಿ ಬಿಟ್ಟು, ಬಿಟ್ಟ ಹೊತ್ತನ್ನು ಚೀಟಿಯಲ್ಲಿ ಬರೆದು, ಖಾಲಿ ಬುಟ್ಟಿಯನ್ನು ವಾಪಸು ಕಳಿಸುವ ಏರ್ಪಾಡು ಇಂಗ್ಲೆಂಡಿನಲ್ಲಿ ಬಳಕೆಗೆ ಬಂತು. ಹೀಗೆ ಕೂಲಿಯವನ ಕೈಗೂ ಈ ಆಟ ಎಟುಕಿತು. ಕುದುರೆ ಕಟ್ಟಲು ಲಾಯ ಬೇಕು, ಆಸ್ತಿ ಬೇಕು. ಪಾರಿವಾಳಕ್ಕೆ ಹಿತ್ತಲಲ್ಲಿ ನಾಲ್ಕು ಹಲಗೆಯ ಗೂಡು ಸಾಕು.

ಇನ್ನು ಪಳಗಿಸುವ ವಿಚಾರಕ್ಕೆ ಬರೋಣ. ಬೆಲ್ಜಿಯಂನಲ್ಲಿ ಪಂದ್ಯದ ಕಾಲ ಚಳಿ ಕಳೆದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಮೊದಲು ದೊಡ್ಡ ಹಕ್ಕಿಗಳದು, ಬೇಸಿಗೆಯ ಕೊನೆಗೆ ಆ ವರ್ಷದ ಮರಿಗಳದು. ಆದರೆ ತಯಾರಿ ಶುರುವಾಗುವುದು ಮೊಟ್ಟೆಯಿಂದಲೇ. ಪಾರಿವಾಳ ಎರಡು ಮೊಟ್ಟೆ ಇಟ್ಟು, ಹದಿನೇಳು ಹದಿನೆಂಟು ದಿನ ಕಾವು ಕೊಡುತ್ತದೆ. ಮರಿ ಹುಟ್ಟಿ ಒಂದು ವಾರವಾಗುವ ಹೊತ್ತಿಗೆ ಅದರ ಕಾಲಿಗೆ ಲೋಹದ ಉಂಗುರ ಹಾಕುತ್ತಾರೆ. ಮುಂದಿನ ಮೂರು ಬೆರಳು ಕೂಡಿಸಿ ತೂರಿಸಿ, ಹಿಂದಿನ ಬೆರಳನ್ನು ಆಮೇಲೆ ಎಳೆದುಕೊಳ್ಳಬೇಕು. ನಾಲ್ಕು ದಿನ ತಡವಾದರೆ ಪಾದ ದಪ್ಪವಾಗಿ ಉಂಗುರ ಹೋಗುವುದೇ ಇಲ್ಲ. ಹೋದ ಮೇಲೆ ಕಳಚುವಂತೆಯೂ ಇಲ್ಲ. ಅದೇ ಆ ಹಕ್ಕಿಯ ಪಹಣಿ ಪತ್ರ ಅಂತ ತಿಳಿಯಿರಿ.

ನಾಲ್ಕು ವಾರಕ್ಕೆ ಮರಿ ತಾನೇ ಕಾಳು ಹೆಕ್ಕುತ್ತದೆ. ಆಗಿನಿಂದ ಪಾಠ ಶುರು. ಮೊದಲನೆಯ ಪಾಠ ಹಾರುವುದಲ್ಲ, ಒಳಗೆ ಬರುವುದು. ಗೂಡಿನ ಬಾಯಿಗೆ ಒಳಕ್ಕೆ ಮಾತ್ರ ತೆರೆದುಕೊಳ್ಳುವ ಕಡ್ಡಿ ಬಾಗಿಲು ಇರುತ್ತದೆ. ಮರಿಯನ್ನು ಹೊರಗಿನ ಹಲಗೆಯ ಮೇಲೆ ಬಿಟ್ಟು, ಡಬ್ಬದಲ್ಲಿ ಕಾಳು ಗಿಲಕಿಸಿ, ಒಂದೇ ಬಗೆಯ ಸಿಳ್ಳೆ ಹಾಕಿ ಕರೆಯುತ್ತಾರೆ. ಒಳಗೆ ಬಂದವಕ್ಕೆ ಮಾತ್ರ ಕಾಳು. ಹೊರಗೇ ಕೂತವಕ್ಕೆ ಆ ಹೊತ್ತಿಗೆ ಇಲ್ಲ. ಸಿಳ್ಳೆ ಅಂದರೆ ಊಟ, ಊಟ ಅಂದರೆ ಗೂಡು ಎಂಬುದು ಮರಿಯ ಮನಸ್ಸಿನಲ್ಲಿ ಕೂತ ಮೇಲೆಯೇ ಮುಂದಿನ ಮಾತು. ಇದಕ್ಕಾಗಿ ಹೊಟ್ಟೆ ತುಂಬಿಸಿ ಯಾವತ್ತೂ ಬಿಡುವುದಿಲ್ಲ. ಹಸಿವಿನ ಮೇಲೆ ಬಿಡುತ್ತಾರೆ, ಬಂದ ಮೇಲೆ ಉಣ್ಣಿಸುತ್ತಾರೆ.

ಎರಡನೆಯ ಪಾಠ ಮನೆಯ ಸುತ್ತ ಹಾರುವುದು. ಮೊದಮೊದಲು ಮಾಡಿನಿಂದ ಮಾಡಿಗೆ ಹಾರಿ ಕೂರುವ ಮರಿಗಳು ವಾರ ಕಳೆದಂತೆ ಗುಂಪು ಕಟ್ಟಿಕೊಂಡು ದೂರ ದೂರ ಹೋಗಿ ಬರುತ್ತವೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಸೋಮಾರಿತನ ಮಾಡಿ ಇಳಿಯಬಂದರೆ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಬೀಸುತ್ತಾರೆ. ಹೊತ್ತು ಮುಗಿದ ಮೇಲೆ ಕೋಲು ಇಳಿಸಿ ಸಿಳ್ಳೆ ಹಾಕುತ್ತಾರೆ. ಯಜಮಾನನು ಗಣಿಗೆ ಇಳಿದ ಮೇಲೆ ಎಷ್ಟೋ ಮನೆಗಳಲ್ಲಿ ಈ ಪಾರುಪತ್ಯವೆಲ್ಲ ಹೆಂಡತಿ ಮಕ್ಕಳದೇ. ಯಾರು ಬಿಟ್ಟರೂ ಹೊತ್ತು ಒಂದೇ, ಸಿಳ್ಳೆ ಒಂದೇ, ಡಬ್ಬ ಒಂದೇ.

ಮೂರನೆಯ ಪಾಠ ಬುಟ್ಟಿ. ಬುಟ್ಟಿಯನ್ನು ಕಂಡು ಬೆದರುವ ಹಕ್ಕಿ ಪಂದ್ಯದ ರಾತ್ರಿಯೆಲ್ಲಾ ಒದ್ದಾಡಿ, ಬೆಳಿಗ್ಗೆ ಬಿಡುವ ಹೊತ್ತಿಗೆ ಸೋತಿರುತ್ತದೆ. ಆದ್ದರಿಂದ ಮನೆಯಲ್ಲೇ ಎರಡು ಮೂರು ರಾತ್ರಿ ಬುಟ್ಟಿಯಲ್ಲಿ ಮಲಗಿಸಿ, ಅದರಲ್ಲೇ ನೀರು ಕುಡಿಯುವುದನ್ನು ಕಲಿಸುತ್ತಾರೆ. ಇದು ಸಣ್ಣ ವಿಷಯ ಅಂತ ಕಾಣುತ್ತದೆ. ಆದರೆ ನೀರು ಕುಡಿಯಲು ಕಲಿಯದ ಹಕ್ಕಿ ದೂರದ ಪಂದ್ಯದಲ್ಲಿ ಬಾಯಾರಿಕೆಯಿಂದಲೇ ದಾರಿಯಲ್ಲಿ ಇಳಿದುಬಿಡುತ್ತದೆ.

ನಾಲ್ಕನೆಯದು ದೂರ ಹೆಚ್ಚಿಸುವುದು. ಇದೇ ಪಳಗಿಸುವುದರ ತಿರುಳು. ಮೊದಲ ದಿನ ಐದಾರು ಕಿಲೋಮೀಟರು. ಆಮೇಲೆ ಹತ್ತು, ಇಪ್ಪತ್ತು, ನಲವತ್ತು, ಅರವತ್ತು. ಪಂದ್ಯದ ಹಾದಿ ಯಾವ ದಿಕ್ಕಿಗೋ ಅದೇ ದಿಕ್ಕಿನಲ್ಲಿ ಒಯ್ಯಬೇಕು. ಆಕಾಶ ತಿಳಿಯಾಗಿರಬೇಕು. ಮಂಜು, ಮಳೆ, ಎದುರು ಗಾಳಿ ಇದ್ದರೆ ಬುಟ್ಟಿಯನ್ನು ವಾಪಸು ತರಬೇಕು. ಮೊದಲು ಗುಂಪಾಗಿ ಬಿಟ್ಟು, ಆಮೇಲೆ ಎರಡೆರಡು, ಕೊನೆಗೆ ಒಂದೊಂದಾಗಿ ಬಿಡುವುದೂ ಉಂಟು; ಇಲ್ಲವಾದರೆ ಗುಂಪಿನ ಬಾಲ ಹಿಡಿದು ಬರುವ ಚಾಳಿ ಬಿದ್ದು, ಒಂಟಿಯಾದ ದಿನ ಹಕ್ಕಿಗೆ ದಿಕ್ಕು ತೋಚುವುದಿಲ್ಲ. ಇಷ್ಟಾದ ಮೇಲೆ ನೂರು ಕಿಲೋಮೀಟರಿನ ಮೊದಲ ಪಂದ್ಯ. ೩೦೦, ೫೦೦ ಎಂದು ಏರಿ, ಸಾವಿರದ ಹತ್ತಿರದ ಪಂದ್ಯಕ್ಕೆ ಹೋಗಬೇಕಾದರೆ ಹಕ್ಕಿಗೆ ಎರಡು ಮೂರು ವರ್ಷದ ಅನುಭವವಾದರೂ ಇರಬೇಕು ಎಂಬುದು ಹಳಬರ ಕಟ್ಟಳೆ.

ನಾವೂ ಹೋರಿಗರುವನ್ನು ಮೊದಲ ದಿನವೇ ಹೇರು ಗಾಡಿಗೆ ಹೂಡುವುದಿಲ್ಲವಲ್ಲ. ಕೊರಳಿಗೆ ಹಗುರವಾದ ಮರ ಕಟ್ಟಿ, ಹಳೆಯ ಎತ್ತಿನ ಜೊತೆ ನಡೆಸಿ, ಬರಿ ಗಾಡಿ ಎಳೆಸಿ, ಆಮೇಲೆ ತಾನೇ ಹೇರು? ಇದೂ ಹಾಗೆಯೇ. ಇದನ್ನು ತಿಳಿಯದೆ ನಾನೇ ಒಂದು ತಪ್ಪು ಮಾಡಿದ್ದೇನೆ, ಹೇಳಿಬಿಡುತ್ತೇನೆ. ನನಗೆ ಆಗ ಹನ್ನೆರಡು ವರ್ಷ. ನಮ್ಮಣ್ಣ ಕೈಯಾರೆ ಸಾಕಿದ ಬೂದುಬಣ್ಣದ ಒಂದು ಮರಿ, ಮನೆಯ ಸುತ್ತ ಚೆನ್ನಾಗಿ ಹಾರುತ್ತಿತ್ತು. ಊರ ಹುಡುಗರ ಎದುರು ಜಂಬ ಕೊಚ್ಚಿಕೊಳ್ಳಬೇಕೆಂದು ಅದನ್ನು ಕೈಚೀಲದಲ್ಲಿ ಬಚ್ಚಿಟ್ಟುಕೊಂಡು, ಬಸ್ಸು ಹತ್ತಿ, ಐವತ್ತು ಕಿಲೋಮೀಟರು ದೂರದ ಅಜ್ಜಿಯ ಊರಿನಲ್ಲಿ ಬಿಟ್ಟೆ. ಅವತ್ತು ಮೋಡ ಬೇರೆ. ಹಕ್ಕಿ ಮೇಲೆದ್ದು, ಬಹಳ ಹೊತ್ತು ಸುತ್ತು ಹಾಕಿ, ಎತ್ತಲೋ ಹೋಯಿತು. ಅಣ್ಣ ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಎಂಟು ದಿನ ಸಂಜೆ ಹೊತ್ತು ಮಾಳಿಗೆ ಹತ್ತಿ ಡಬ್ಬ ಗಿಲಕಿಸುತ್ತಾ ಕೂತಿದ್ದ. ಒಂಬತ್ತನೆಯ ದಿನ ಡಬ್ಬ ಕೆಳಗಿಟ್ಟು, ‘ಅದು ದಾರಿ ತಪ್ಪಲಿಲ್ಲ ಕಣೋ, ನಾವು ಅದಕ್ಕೆ ದಾರಿ ಕಲಿಸಿರಲೇ ಇಲ್ಲ’ ಅಂದ. ತಪ್ಪು ನನ್ನದಾದರೂ ‘ನಾವು’ ಅಂದನಲ್ಲ, ಅದು ಇವತ್ತಿಗೂ ಮನಸ್ಸಿನಲ್ಲಿ ಕೂತಿದೆ.

ಈಗ ಮೇವಿನ ಮಾತು. ಹಕ್ಕಿಯ ತೂಕ ನಾನ್ನೂರರಿಂದ ಐನೂರು ಗ್ರಾಂ. ದಿನಕ್ಕೆ ಅದಕ್ಕೆ ಬೇಕಾದ ಕಾಳು ಸುಮಾರು ಮೂವತ್ತು ಗ್ರಾಂ. ಬಟಾಣಿ, ಹುರುಳಿಯ ಜಾತಿಯ ಕಾಳು, ಗೋಧಿ, ಮುಸುಕಿನ ಜೋಳ, ಜವೆಗೋಧಿ, ಇವುಗಳ ಬೆರಕೆ. ಪಂದ್ಯದ ಕಾಲದಲ್ಲಿ ವಾರಕ್ಕೆ ಒಂದು ಲೆಕ್ಕ ಇದೆ. ಭಾನುವಾರ ದಣಿದು ಬಂದ ಹಕ್ಕಿಗೆ ಮೊದಲು ಉಗುರು ಬೆಚ್ಚಗಿನ ನೀರು, ಆಮೇಲೆ ಜವೆಗೋಧಿ ಹೆಚ್ಚಾಗಿರುವ ಹಗುರ ಮೇವು. ಸೋಮವಾರ ವಿಶ್ರಾಂತಿ, ಸ್ನಾನಕ್ಕೆ ತಟ್ಟೆಯಲ್ಲಿ ನೀರು. ವಾರದ ನಡುವಿನವರೆಗೂ ಹಗುರ ಮೇವೇ. ಆಮೇಲೆ ಬಟಾಣಿ, ಜೋಳ ಏರಿಸುತ್ತಾ ಬರುತ್ತಾರೆ. ದೂರದ ಪಂದ್ಯವಾದರೆ ಕೊನೆಯ ದಿನಗಳಲ್ಲಿ ಮುಸುಕಿನ ಜೋಳ ಇನ್ನೂ ಹೆಚ್ಚು; ಮೈಯಲ್ಲಿ ಕೂಡಿಟ್ಟ ಕೊಬ್ಬೇ ಹಾರುವ ಹಕ್ಕಿಗೆ ಎಣ್ಣೆ. ಹೊಟ್ಟೆ ತುಂಬಿತೋ ಇಲ್ಲವೋ ಎಂದು ನೋಡಲು ಅವರದೊಂದು ಉಪಾಯ ಉಂಟು. ಬೆರಕೆ ಕಾಳಿನಲ್ಲಿ ಪಾರಿವಾಳಕ್ಕೆ ಜವೆಗೋಧಿಯ ಮೇಲೆ ಅಷ್ಟು ಆಸೆ ಇಲ್ಲ. ಜವೆಗೋಧಿಯನ್ನು ಬಿಡಲು ತೊಡಗಿತು ಎಂದರೆ ಸಾಕಾಯಿತು ಎಂದು ತಿಳಿದು ಮೇವು ತೆಗೆಯುತ್ತಾರೆ. ಇದಲ್ಲದೆ ಮೊಟ್ಟೆಗೂ ಮೂಳೆಗೂ ಬೇಕಾದ ಸುಣ್ಣದ ಅಂಶಕ್ಕೆ ಚಿಪ್ಪಿನ ಪುಡಿ, ಕಾಳು ಅರೆಯಲು ಸಣ್ಣ ಹರಳು ಯಾವಾಗಲೂ ಗೂಡಿನಲ್ಲಿರಬೇಕು.

ಬರೀ ಕಾಳಿನ ಆಸೆಗೆ ಹಕ್ಕಿ ಐನೂರು ಕಿಲೋಮೀಟರು ಹಾರುವುದಿಲ್ಲ. ಕಾಳು ದಾರಿಯಲ್ಲೂ ಸಿಕ್ಕುತ್ತದೆ. ಹಾಗಾದರೆ ಅದನ್ನು ಎಳೆಯುವುದು ಏನು? ಇದಕ್ಕೆ ಬೆಲ್ಜಿಯಂನವರು ಎರಡು ದಾರಿ ಕಂಡುಕೊಂಡರು. ಒಂದು ಸಹಜ ಪದ್ಧತಿ. ಜೋಡಿ ಕಟ್ಟಿದ ಹಕ್ಕಿಗಳು ಮೊಟ್ಟೆಯ ಮೇಲೆ ಕೂತಿರುವಾಗ ಅಥವಾ ಗೂಡಿನಲ್ಲಿ ಎಳೆ ಮರಿ ಇರುವಾಗ ಪಂದ್ಯಕ್ಕೆ ಕಳಿಸುವುದು. ಹತ್ತು ದಿನ ಕಾವು ಕೊಟ್ಟ ಹೆಣ್ಣು, ಪುಟ್ಟ ಮರಿಗೆ ಗುಟುಕು ಕೊಡುತ್ತಿರುವ ತಾಯಿ, ಇವು ಜೀವ ಬಿಟ್ಟು ಹಾರಿ ಬರುತ್ತವೆ. ಪಾರಿವಾಳದಲ್ಲಿ ತಂದೆಯೂ ಗಂಟಲಚೀಲದ ಹಾಲು ಕುಡಿಸುತ್ತಾನೆ. ಆದ್ದರಿಂದ ಗಂಡಿಗೂ ಮರಿಯ ಎಳೆತ ಉಂಟು.

ಇನ್ನೊಂದು, ಜೋಡಿಯನ್ನು ಅಗಲಿಸಿ ಇಡುವ ಪದ್ಧತಿ. ಚಳಿಗಾಲದ ಕೊನೆಗೆ ಜೋಡಿ ಕಟ್ಟಿ, ಒಂದು ಸಲ ಮರಿ ಮಾಡಿಸಿ, ಮತ್ತೆ ಮೊಟ್ಟೆ ಇಟ್ಟು ಕೆಲವು ದಿನ ಕಾವು ಕೊಟ್ಟ ಮೇಲೆ ಹೆಣ್ಣನ್ನು ಬೇರೆ ಗೂಡಿಗೆ ಒಯ್ಯುತ್ತಾರೆ. ಗಂಡು ಹಕ್ಕಿ ತನ್ನ ಖಾನೆಯಲ್ಲಿ ಒಂಟಿ. ವಾರವಿಡೀ ಬೆಳಿಗ್ಗೆ ಸಂಜೆ ಹಾರಾಟ, ಮೇವು, ಕತ್ತಲೆ ಮಾಡಿದ ಗೂಡಿನಲ್ಲಿ ವಿಶ್ರಾಂತಿ. ಪಂದ್ಯಕ್ಕೆ ಬುಟ್ಟಿಗೆ ಹಾಕುವ ಮುನ್ನ ಕೆಲವೇ ನಿಮಿಷ ಹೆಣ್ಣನ್ನು ತೋರಿಸುತ್ತಾರೆ. ಪಂದ್ಯ ಮುಗಿಸಿ ಬಂದಾಗ ಹೆಣ್ಣು ಖಾನೆಯಲ್ಲಿ ಕಾದಿರುತ್ತದೆ. ಎರಡು ವಾರ ಹೀಗೆ ನಡೆದರೆ ಗಂಡಿಗೆ ಬುಟ್ಟಿ ಎಂದರೆ ಹೆದರಿಕೆ ಹೋಗಿ, ಬುಟ್ಟಿ ಹತ್ತಿದರೆ ಜೋಡಿ ಸಿಕ್ಕುತ್ತದೆ ಎಂಬುದು ಗಟ್ಟಿಯಾಗುತ್ತದೆ. ಈ ಪದ್ಧತಿ ಬೆಲ್ಜಿಯಂನಲ್ಲಿ ಪಕ್ವವಾಗಿ, ಇಪ್ಪತ್ತನೆಯ ಶತಮಾನದಲ್ಲಿ ಬೇರೆ ದೇಶಗಳಿಗೂ ಹರಡಿತು. ಇದರಲ್ಲೂ ಒಂದು ನೀತಿ ಇದೆ. ಹಕ್ಕಿ ಬಂದಾಗ ಹೆಣ್ಣನ್ನು ತೋರಿಸದೆ ಮೋಸ ಮಾಡಿದರೆ ಮುಂದಿನ ವಾರ ಅದು ಹಿಂದಿನ ಹಾಗೆ ಹಾರುವುದಿಲ್ಲ. ಕೊಟ್ಟ ಮಾತು ಹಕ್ಕಿಗೂ ನಡೆಸಿಕೊಡಬೇಕು.

ಪಂದ್ಯದಲ್ಲಿ ಗೆದ್ದವರು ಯಾರು ಎಂಬ ಲೆಕ್ಕವೂ ಸ್ವಾರಸ್ಯವಾಗಿದೆ. ಎಲ್ಲ ಹಕ್ಕಿಗಳನ್ನೂ ಒಂದೇ ಕಡೆ ಒಟ್ಟಿಗೆ ಬಿಡುತ್ತಾರೆ. ಆದರೆ ಒಬ್ಬೊಬ್ಬರ ಗೂಡು ಒಂದೊಂದು ಊರಿನಲ್ಲಿ. ಆದ್ದರಿಂದ ಮೊದಲು ಬಂದದ್ದೇ ಗೆದ್ದಿತು ಎನ್ನುವ ಹಾಗಿಲ್ಲ. ನಿಮಿಷಕ್ಕೆ ಎಷ್ಟು ಮೀಟರು ಹಾರಿತು ಎಂದು ನೋಡಬೇಕು. ನಿಮ್ಮ ಗೂಡು ೩೦೦ ಕಿಲೋಮೀಟರು ದೂರ, ಹಕ್ಕಿ ೩೦೦ ನಿಮಿಷದಲ್ಲಿ ಬಂತು ಅನ್ನಿ. ನಿಮಿಷಕ್ಕೆ ೧೦೦೦ ಮೀಟರು ಆಯಿತು. ನನ್ನ ಗೂಡು ೩೩೦ ಕಿಲೋಮೀಟರು, ಹಕ್ಕಿ ೩೨೦ ನಿಮಿಷದಲ್ಲಿ ಬಂತು. ನಿಮಿಷಕ್ಕೆ ೧೦೩೧ ಮೀಟರು. ಇಪ್ಪತ್ತು ನಿಮಿಷ ತಡವಾಗಿ ಬಂದರೂ ಗೆದ್ದದ್ದು ನನ್ನ ಹಕ್ಕಿ. ಮೊದಮೊದಲು ಬಂದ ಹಕ್ಕಿಯನ್ನು ಚೀಲದಲ್ಲಿ ಹಾಕಿಕೊಂಡು ಚುರುಕು ಕಾಲಿನ ಹುಡುಗರು ಸಂಘದ ಜಾಗಕ್ಕೆ ಓಡಿ ತೋರಿಸಬೇಕಾಗಿತ್ತು. ಆಮೇಲೆ ಹಕ್ಕಿಯ ಕಾಲಿನ ರಬ್ಬರ್ ಉಂಗುರ ತೆಗೆದು ಹಾಕಿದರೆ ಹೊತ್ತು ಅಚ್ಚಾಗುವ, ಬೀಗ ಮುದ್ರೆಯ ಗಡಿಯಾರಗಳು ಬಂದವು. ಈಗ ಉಂಗುರದಲ್ಲೇ ವಿದ್ಯುನ್ಮಾನ ಬಿಲ್ಲೆ ಇದ್ದು, ಹಕ್ಕಿ ಬಾಗಿಲು ದಾಟಿದ ಕ್ಷಣವೇ ದಾಖಲಾಗುತ್ತದೆ. ಇದಕ್ಕೇ ಮೊದಲ ಪಾಠ ಒಳಗೆ ಬರುವುದು ಎಂದದ್ದು. ಸಾವಿರ ಮೀಟರಿನ ವೇಗದಲ್ಲಿ ಹಾರಿ ಬಂದು, ಮಾಡಿನ ಮೇಲೆ ಹತ್ತು ನಿಮಿಷ ಗರಿ ತಿದ್ದುತ್ತಾ ಕೂತರೆ ಏನು ಬಂತು?

ಬೆಲ್ಜಿಯಂನ ರೇಡಿಯೋದಲ್ಲಿ ಎಷ್ಟೋ ವರ್ಷ ಹವಾಮಾನದ ಸುದ್ದಿಯಂತೆಯೇ ಪಾರಿವಾಳದ ಸುದ್ದಿಯನ್ನೂ ಹೇಳುತ್ತಿದ್ದರು. ಇಂಥ ಊರಲ್ಲಿ ಇಷ್ಟು ಹೊತ್ತಿಗೆ ಹಕ್ಕಿ ಬಿಟ್ಟಾಯಿತು ಎಂಬ ಮಾತು ಕಿವಿಗೆ ಬಿದ್ದರೆ, ಸಾಕಿದವರು ಲೆಕ್ಕ ಹಾಕಿ ಅಂಗಳದಲ್ಲಿ ಆಕಾಶ ನೋಡುತ್ತಾ ನಿಲ್ಲುತ್ತಿದ್ದರು.

ಶಾಂತಿಕಾಲದ ಈ ಪಳಗಿಕೆ ಯುದ್ಧಕಾಲದಲ್ಲಿ ಜೀವ ಉಳಿಸಿತು. ಎರಡು ಮಹಾಯುದ್ಧಗಳಲ್ಲಿಯೂ ಪಂದ್ಯದ ಪಾರಿವಾಳಗಳು ಸೈನ್ಯದ ಚೀಟಿ ಹೊತ್ತವು. ಮೊದಲ ಯುದ್ಧದಲ್ಲಿ ಮಡಿದ ಹಕ್ಕಿಗಳ ನೆನಪಿಗೆ ೧೯೩೧ರಲ್ಲಿ ಬ್ರಸೆಲ್ಸ್ ನಗರದಲ್ಲಿ ಸ್ಮಾರಕವನ್ನೇ ನಿಲ್ಲಿಸಿದರು. ಎರಡನೆಯ ಯುದ್ಧದ ಒಂದು ಸಂಗತಿ ಕೇಳಿ. ೧೯೪೨ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಒಂದು ಬಾಂಬರ್ ವಿಮಾನ ಉತ್ತರ ಸಮುದ್ರದಲ್ಲಿ ಬಿದ್ದಿತು. ನಾಲ್ವರು ಕೊರೆಯುವ ನೀರಿನ ಮೇಲೆ ಸಣ್ಣ ದೋಣಿಯಲ್ಲಿ. ವಿಮಾನದಲ್ಲಿದ್ದ ವಿಂಕಿ ಎಂಬ ಹೆಣ್ಣು ಪಾರಿವಾಳ, ಮೈಯೆಲ್ಲ ಎಣ್ಣೆ ಮೆತ್ತಿಕೊಂಡು, ಸುಮಾರು ೧೯೦ ಕಿಲೋಮೀಟರು ಹಾರಿ ಸ್ಕಾಟ್ಲೆಂಡಿನ ತನ್ನ ಗೂಡನ್ನು ಸೇರಿತು. ಕಾಲಿನಲ್ಲಿ ಚೀಟಿ ಇರಲಿಲ್ಲ. ಆದರೂ ಅದು ಬಂದ ಹೊತ್ತು, ಗಾಳಿಯ ದಿಕ್ಕು, ಮೈಗೆ ಮೆತ್ತಿದ ಎಣ್ಣೆಯಿಂದ ಕುಗ್ಗಿದ ವೇಗ, ಇವನ್ನೆಲ್ಲ ಲೆಕ್ಕ ಹಾಕಿ ದೋಣಿ ಇದ್ದ ಜಾಗವನ್ನು ಹುಡುಕಿದರು. ನಾಲ್ವರೂ ಉಳಿದರು. ೧೯೪೩ರ ಡಿಸೆಂಬರ್‌ನಲ್ಲಿ, ಯುದ್ಧದಲ್ಲಿ ಸೇವೆ ಮಾಡಿದ ಪ್ರಾಣಿಗಳಿಗೆ ಕೊಡುವ ಡಿಕಿನ್ ಪದಕವನ್ನು ಮೊದಲಿಗೆ ಪಡೆದ ಮೂರು ಪಾರಿವಾಳಗಳಲ್ಲಿ ವಿಂಕಿಯೂ ಒಂದು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಚೆನ್ನಾಗಿ ಬಳಸಿಕೊಂಡವರು ಒರಿಸ್ಸಾದ ಪೋಲೀಸರು. ೧೯೪೬ರಲ್ಲಿ ಸೈನ್ಯದಿಂದ ೨೦೦ ಹಕ್ಕಿಗಳನ್ನು ಪಡೆದು, ಕಾಡು ಬೆಟ್ಟದ ಕೋರಾಪುಟ್ ಜಿಲ್ಲೆಯಲ್ಲಿ ಅಂಚೆ ಶುರು ಮಾಡಿದರು. ಹಕ್ಕಿಗಳು ಬೆಲ್ಜಿಯಂ ತಳಿಯವೇ. ೧೯೪೮ರ ಏಪ್ರಿಲ್ ತಿಂಗಳಲ್ಲಿ ಪ್ರಧಾನಿ ನೆಹರು ಅವರು ಸಂಬಲ್‌ಪುರದಲ್ಲಿದ್ದಾಗ, ಕಟಕ್ಕಿನಲ್ಲಿ ನಡೆಯಬೇಕಾಗಿದ್ದ ತಮ್ಮ ಸಭೆಯ ಏರ್ಪಾಡಿನ ಬಗ್ಗೆ ಕಳಿಸಿದ ಸಂದೇಶವನ್ನು ಪಾರಿವಾಳವೇ ಮುಟ್ಟಿಸಿತು. ಒರಿಸ್ಸಾದವರು ಮಾಡಿದ ಒಂದು ಪಳಗಿಕೆ ಬಹಳ ಜಾಣತನದ್ದು. ಸಾಮಾನ್ಯವಾಗಿ ಪಾರಿವಾಳ ಒಂದೇ ಕಡೆ ಹೋಗುತ್ತದೆ, ಮನೆಯ ಕಡೆ. ಅವರು ಗೂಡನ್ನು ಒಂದೂರಲ್ಲಿ, ಮೇವನ್ನು ಇನ್ನೊಂದೂರಲ್ಲಿ ಇಟ್ಟು ರೂಢಿ ಮಾಡಿಸಿದರು. ಹಸಿವಾದಾಗ ಹಕ್ಕಿ ಮೇವಿನ ಊರಿಗೆ ಹಾರುವುದು, ಹೊಟ್ಟೆ ತುಂಬಿದ ಮೇಲೆ ಗೂಡಿನ ಊರಿಗೆ ಮರಳುವುದು. ಹೋಗುವಾಗಲೂ ಚೀಟಿ, ಬರುವಾಗಲೂ ಚೀಟಿ. ೧೯೮೨ರ ಪ್ರವಾಹದಲ್ಲಿಯೂ ೧೯೯೯ರ ಮಹಾ ಚಂಡಮಾರುತದಲ್ಲಿಯೂ ತಂತಿ ದೂರವಾಣಿ ಕೆಟ್ಟು ನಿಂತಾಗ ಈ ಹಕ್ಕಿಗಳು ಸುದ್ದಿ ಹೊತ್ತವು. ಆಮೇಲೆ ದಿನಬಳಕೆಯ ಪಾರಿವಾಳದ ಅಂಚೆ ನಿಂತುಹೋಯಿತು.

‘ಸಾಹೇಬ್ರೇ, ಇಷ್ಟು ದೂರದಿಂದ ದಾರಿ ಹೆಂಗೆ ಗೊತ್ತಾಗ್ತದೆ?’ ಅಂತ ಯಾರಾದರೂ ಕೇಳುವುದು ಸಹಜ. ವಿಜ್ಞಾನಿಗಳು ಕೆಲವನ್ನು ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ಹಕ್ಕಿ ಸೂರ್ಯನನ್ನು ನೋಡಿ ದಿಕ್ಕು ಹಿಡಿಯುತ್ತದೆ. ಕೃತಕ ದೀಪದಲ್ಲಿಟ್ಟು ಅದರ ಹಗಲು ರಾತ್ರಿಯನ್ನು ಆರು ಗಂಟೆ ಹಿಂದೆ ಮುಂದೆ ಮಾಡಿ ಬಿಟ್ಟರೆ, ಮನೆಯ ದಿಕ್ಕು ಬಿಟ್ಟು ಅಡ್ಡ ದಿಕ್ಕಿಗೆ ಹಾರುತ್ತದೆ. ಮೋಡದ ದಿನ ಭೂಮಿಯ ಅಯಸ್ಕಾಂತದ ಆಸರೆ. ೧೯೭೧ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಬೆನ್ನಿಗೆ ಅಯಸ್ಕಾಂತ ಕಟ್ಟಿದ ಹಕ್ಕಿಗಳು ಬಿಸಿಲಲ್ಲಿ ಸರಿಯಾಗಿ ಹೋಗಿ, ಮೋಡದಲ್ಲಿ ದಿಕ್ಕು ತಪ್ಪಿದವು. ವಾಸನೆಯ ನೆರವೂ ಇದೆ ಎಂದು ಇಟಲಿಯವರು ತೋರಿಸಿದರು. ೨೦೦೪ರಲ್ಲಿ ಪ್ರಕಟವಾದ, ರೋಮ್ ನಗರದ ಸುತ್ತ ನಡೆದ ಅಧ್ಯಯನದಲ್ಲಿ, ದಾರಿ ಪರಿಚಯವಾದ ಹಕ್ಕಿಗಳು ಹೆದ್ದಾರಿಯ ಗುಂಟವೇ ಹಾರಿ, ಕವಲಿನಲ್ಲಿ ನಮ್ಮ ಹಾಗೆಯೇ ತಿರುಗಿಕೊಳ್ಳುತ್ತಿದ್ದುದು ಕಂಡುಬಂತು. ಗಣಿಯ ಕೂಲಿಗೆ ಇದೊಂದೂ ಗೊತ್ತಿರಲಿಲ್ಲ. ಆದರೂ ಮೋಡದ ದಿನ ಬಿಡಬೇಡ, ಒಂದೇ ದಿಕ್ಕಿನಲ್ಲಿ ಹಂತ ಹಂತವಾಗಿ ಒಯ್ಯಿ ಎಂಬ ಅವನ ಕಟ್ಟಳೆ ವಿಜ್ಞಾನದ ಮಾತಿಗೆ ಸರಿಯಾಗಿ ಕೂಡುತ್ತದೆ.

ಹಾಗೆಂದು ಎಲ್ಲ ಕಟ್ಟಳೆ ಮೀರಿ ಕೇಡು ಬರುವುದೂ ಉಂಟು. ೧೯೯೭ರ ಜೂನ್ ೨೯ರಂದು ಫ್ರಾನ್ಸಿನ ನಾಂಟ್ ಎಂಬಲ್ಲಿ ಇಂಗ್ಲೆಂಡಿನ ಗೂಡುಗಳಿಗೆ ಸೇರಿದ ಸುಮಾರು ೬೦,೦೦೦ ಹಕ್ಕಿಗಳನ್ನು ಬಿಟ್ಟರು. ಸಂಘವೊಂದರ ನೂರನೆಯ ವರ್ಷದ ದೊಡ್ಡ ಪಂದ್ಯ. ಸಂಜೆಗೆ ಬರಬೇಕಾದ ಹಕ್ಕಿಗಳಲ್ಲಿ ಬಹುಪಾಲು ಬರಲೇ ಇಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಸಿಡಿಲಿನಂಥ ಅಲೆ ಹಕ್ಕಿಗಳ ದಿಕ್ಕು ಕೆಡಿಸಿರಬಹುದು ಎಂದು ಅಮೆರಿಕದ ಒಬ್ಬ ಭೂವಿಜ್ಞಾನಿ ಆಮೇಲೆ ವಾದಿಸಿದರು. ಕಾರಣ ಏನೇ ಇರಲಿ, ಅವತ್ತು ಸಾವಿರ ಸಾವಿರ ಮನೆಗಳ ಅಂಗಳದಲ್ಲಿ ಡಬ್ಬ ಹಿಡಿದು ನಿಂತವರು ಕತ್ತಲಾದ ಮೇಲೆ ಒಳಗೆ ಹೋದರು.

ದುಡ್ಡಿನ ಆಸೆಯೂ ಈ ಆಟಕ್ಕೆ ಅಂಟಿದ ರೋಗವೇ. ೨೦೨೦ರಲ್ಲಿ ನ್ಯೂ ಕಿಮ್ ಎಂಬ ಬೆಲ್ಜಿಯಂನ ಎರಡು ವರ್ಷದ ಹೆಣ್ಣು ಹಕ್ಕಿ ೧೬ ಲಕ್ಷ ಯೂರೋಗಳಿಗೆ ಹರಾಜಾಯಿತು. ಬೆಲೆ ಏರಿದಷ್ಟೂ ಅವಸರ ಏರುತ್ತದೆ. ಎಳೆ ಮರಿಯನ್ನು ದೂರಕ್ಕೆ ಎಸೆಯುವುದು, ಕೆಟ್ಟ ಹವೆಯಲ್ಲೂ ಬಿಡುವುದು, ಬಾಜಿ ಕಟ್ಟಿ ಮನೆ ಹಾಳುಮಾಡಿಕೊಳ್ಳುವುದು ಇವೆಲ್ಲ ಅಲ್ಲಿಂದಲೇ ಬರುತ್ತವೆ. ಬರದೆ ಹೋದ ಹಕ್ಕಿ ಗಿಡುಗನ ಪಾಲೋ, ವಿದ್ಯುತ್ ತಂತಿಯ ಪಾಲೋ ಆಗಿರುತ್ತದೆ. ಅದಕ್ಕೆ ಬಾಯಿಲ್ಲ, ದೂರು ಹೇಳುವುದಿಲ್ಲ.

ನಮ್ಮ ಬೆಂಗಳೂರಿನಲ್ಲಿಯೂ ಪಂದ್ಯದ ಪಾರಿವಾಳ ಸಾಕುವವರಿದ್ದಾರೆ, ಸಂಘ ಕಟ್ಟಿಕೊಂಡಿದ್ದಾರೆ. ಉತ್ತರದ ದೂರದ ಊರುಗಳಲ್ಲಿ ಬಿಟ್ಟ ಹಕ್ಕಿಗಳು ಇಲ್ಲಿಗೆ ಹಾರಿ ಬರುತ್ತವೆ. ನಿಮ್ಮ ಮನೆಯ ಹುಡುಗರಿಗೂ ಈ ಹವ್ಯಾಸ ಇದ್ದರೆ ಬೈದು ಬಿಡಿಸಬೇಡಿ, ಸರಿಯಾಗಿ ಮಾಡಲು ಹೇಳಿ. ಗೂಡು ಒಣಗಿರಲಿ, ಗಾಳಿ ಆಡಲಿ, ಬೆಕ್ಕು ನುಗ್ಗದಿರಲಿ. ಹಿಕ್ಕೆಯನ್ನು ದಿನವೂ ತೆಗೆಯಿರಿ. ತೆಗೆಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ದೂಳು ವರ್ಷಗಟ್ಟಲೆ ಎದೆಗೆ ಹೋದರೆ ಶ್ವಾಸಕೋಶ ಕೆಡುತ್ತದೆ. ತೆಗೆದ ಹಿಕ್ಕೆ ಒಳ್ಳೆಯ ಗೊಬ್ಬರ, ತಿಪ್ಪೆಯಲ್ಲಿ ಕಳಿಸಿ ಹಾಕಿ. ಪಾರಿವಾಳವನ್ನೂ ಕೋಳಿಯನ್ನೂ ಒಂದೇ ಕಡೆ ಕೂಡಬೇಡಿ. ಕೋಳಿಗಳ ಕೊಕ್ಕರೆ ರೋಗದ ಜಾತಿಯ ರೋಗವೇ ೧೯೮೦ರ ದಶಕದಲ್ಲಿ ಯೂರೋಪಿನ ಪಾರಿವಾಳಗಳಲ್ಲಿ ಹರಡಿ, ಲಸಿಕೆ ಹಾಕಿಸದೆ ಪಂದ್ಯಕ್ಕೆ ಬಿಡಬಾರದೆಂಬ ಕಾನೂನು ಬೆಲ್ಜಿಯಂನಲ್ಲಿ ಬರುವಂತಾಯಿತು. ಹಕ್ಕಿ ಕತ್ತು ತಿರುಚಿದರೆ, ಹಸುರು ನೀರಿನಂತೆ ಭೇದಿ ಮಾಡಿದರೆ, ಅದನ್ನು ಬೇರೆ ಮಾಡಿ ಪಶುವೈದ್ಯರಿಗೆ ತೋರಿಸಿ.

ಕೊನೆಯದಾಗಿ ಇಷ್ಟು ನೆನಪಿಡಿ. ಹೊತ್ತಿಗೆ ಸರಿಯಾಗಿ ಬಿಡುವುದು, ಹೊತ್ತಿಗೆ ಸರಿಯಾಗಿ ಕರೆಯುವುದು. ಮೇವು ಹದವಾಗಿ, ಒಳಗೆ ಬಂದ ಮೇಲೆ. ದೂರ ಐದರಿಂದ ಹತ್ತು, ಹತ್ತರಿಂದ ಇಪ್ಪತ್ತು, ತಿಳಿ ಆಕಾಶದಲ್ಲಿ. ದಣಿದು ಬಂದದ್ದಕ್ಕೆ ವಿಶ್ರಾಂತಿ. ಇನ್ನೂರು ವರ್ಷದ ಹಿಂದಿನ ನೇಕಾರನೂ ಇವತ್ತು ವಿದ್ಯುನ್ಮಾನ ಉಂಗುರ ತೊಡಿಸುವವನೂ ನಡೆಸಿಕೊಂಡು ಬಂದದ್ದು ಈ ನಾಲ್ಕೇ ಕೆಲಸ. ಹಕ್ಕಿ ಹಾರುವುದು ತನ್ನ ರೆಕ್ಕೆಯ ಮೇಲೆ; ಅದು ತಿರುಗಿ ಬರಬೇಕೆನ್ನುವ ಹಾಗೆ ಗೂಡನ್ನು ಇಟ್ಟುಕೊಳ್ಳುವುದು ಸಾಕಿದವರ ಕೆಲಸ.

ನಾಳೆ ಬೆಳಿಗ್ಗೆ ನಿಮ್ಮ ಮಗ ಮಾಳಿಗೆಯ ಮೇಲೆ ಡಬ್ಬ ಗಿಲಕಿಸುತ್ತಾ ನಿಂತಿದ್ದರೆ, ಕೆಲಸ ಕೆಡಿಸಿಕೊಂಡ ಅಂತ ಕೂಗುವ ಮೊದಲು ಒಂದು ಗಳಿಗೆ ಮೇಲೆ ನೋಡಿ. ಎಷ್ಟು ಹಕ್ಕಿ ಹೋದವು, ಎಷ್ಟು ಬಂದವು ಅಂತ ನೀವೂ ಅವನ ಜೊತೆ ಎಣಿಸಿ.